ಚೈತ್ರಾಳ ಎರಡು ಲಕ್ಷ

ಆ ವರ್ಷ ರಾಮನಗರದ ಮಹಿಳಾ ಹಾಕಿ ತಂಡದ ಕೋಚ್ ಲತಾಮಣಿಯ ನಿದ್ದೆ ಕೆಡಿಸಿದ್ದು ಒಂದೇ ಪ್ರಶ್ನೆ: ಚೈತ್ರಾಳನ್ನು ತಂಡಕ್ಕೆ ಕೊಳ್ಳುವುದೋ ಬೇಡವೋ? ಆಟಗಾರ್ತಿಯರ ಸಂಬಳಕ್ಕೆ ಲೀಗಿನವರು ಎಂಟು ಲಕ್ಷದ ಮಿತಿ ಹಾಕಿದ್ದರು. ಅದರ ಮೇಲೆ ಒಂದು ರೂಪಾಯಿ ಖರ್ಚು ಮಾಡುವಂತಿರಲಿಲ್ಲ. ಚೈತ್ರಾಳೊಬ್ಬಳದ್ದೇ ಎರಡು ಲಕ್ಷ. ಹಳೆಯ ತಂಡದ ಜೊತೆಗಿನ ಅವಳ ಒಪ್ಪಂದ ಇನ್ನೂ ಎರಡು ಸೀಸನ್ ಬಾಕಿಯಿತ್ತು; ಕೊಂಡವರು ಅದನ್ನೂ ಹೊರಬೇಕಿತ್ತು. ಅವಳು ಆಡಲಿ ಬಿಡಲಿ, ಆ ಹಣ ಮಿತಿಯೊಳಗೇ ಸೇರುತ್ತಿತ್ತು.

ಕೋಡಿಹಳ್ಳಿಯ ಚೈತ್ರಾ ಒಂದು ಕಾಲಕ್ಕೆ ಲೀಗಿನಲ್ಲೇ ಹೆಚ್ಚು ಗೋಲು ಹೊಡೆದವಳು. ಹೋದ ಸೀಸನ್ನಿನಲ್ಲಿ ಹೊಡೆದದ್ದು ಬರೀ ಎರಡು.

"ಬ್ಯಾಡ ಕಣಮ್ಮ," ಎಂದರು ಕ್ಲಬ್ಬಿನ ಅಧ್ಯಕ್ಷ ರಾಮಲಿಂಗಯ್ಯ. "ಅವಳ್ನ ತಕ್ಕೊಂಡ್ರೆ ಹಾಜಿರಾನ ಬುಡ್ಬೇಕಾಯ್ತದೆ. ಆಮ್ಯಾಕೆ ಗೋಲ್ ಕಾಯೋರ್ಯಾರು?"

"ಮನಸ್ಸು ಕುಗ್ಗೈತೆ ಅಷ್ಟೇ ಸಾರ್. ಒಸಿ ಧೈರ್ಯ ತುಂಬಿದ್ರೆ ಎದ್ದು ಬತ್ತಾಳೆ. ಸ್ಟಿಕ್ ಹಿಡಿಯೋದು ಕಲಿಸ್ದೋಳೇ ನಾನು."

ಕೊನೆಗೆ ಲತಾಮಣಿಯ ಮಾತೇ ನಡೆಯಿತು. ತಂಡದಿಂದ ಕೈಬಿಟ್ಟ ಸುದ್ದಿಯನ್ನು ಹಾಜಿರಾಳಿಗೆ ಮುಟ್ಟಿಸಿದ್ದೂ ಅವಳೇ. ಐದು ವರ್ಷ ಗೋಲು ಕಾದ ಹುಡುಗಿ ತನ್ನ ಪ್ಯಾಡುಗಳನ್ನು ಒರೆಸಿ ಕಪಾಟಿನಲ್ಲಿಟ್ಟಳು. "ಚೈತ್ರಾ ಚೆನ್ನಾಗಿ ಆಡ್ತಾಳೆ ಅಕ್ಕಾ," ಎಂದಷ್ಟೇ ಹೇಳಿ ಹೋದಳು. ಬೇರೆ ತಂಡಗಳಲ್ಲಿ ಆ ಜಾಗ ಆಗಲೇ ತುಂಬಿತ್ತು.

ಸೀಸನ್ ಶುರುವಾಗಿ ಎರಡು ವಾರ. ಅಭ್ಯಾಸದಲ್ಲಿ ಎಡಗಡೆಯಿಂದ ಉರುಳಿಬಂದ ಚೆಂಡು ಚೈತ್ರಾಳ ಕಾಲಿಗೆ ಬಡಿಯಿತು. ಮಕ್ಕಳೂ ತಡೆಯಬಹುದಾದ ಚೆಂಡು. ಅವಳು ಕದಲಿಯೇ ಇರಲಿಲ್ಲ. ಲತಾಮಣಿ ಹತ್ತಿರ ಹೋಗಿ ಅವಳ ಬಲಗಣ್ಣು ಮುಚ್ಚಿ, ಎಡಗಣ್ಣಿನ ಮುಂದೆ ಬೆರಳು ತೋರಿಸಿದಳು.

"ಎಷ್ಟು?"

ಚೈತ್ರಾ ಅಳತೊಡಗಿದಳು. "ಮಂಜಾಗಿ ಒಂದೂವರೆ ವರ್ಸ ಆಯ್ತಕ್ಕ. ಕಣ್ಣಿನ ನರ ಒಣಗೈತಂತೆ. ವಾಸಿ ಆಗಕಿಲ್ಲ ಅಂದ್ಬುಟ್ರು ಡಾಕ್ಟ್ರು."

"ನಂಗ್ಯಾಕೆ ಹೇಳ್ನಿಲ್ಲ?"

"ಹೇಳಿದ್ರೆ ತಕ್ಕೊತಿದ್ರಾ?"

ಇಲ್ಲ ಎನ್ನುವುದೇ ನಿಜವಾಗಿತ್ತು. ಲತಾಮಣಿ ಅವಳನ್ನು ತಬ್ಬಿಕೊಂಡಳು.

ಹಾಜಿರಾಳನ್ನು ಮರಳಿ ಕರೆಸಿಕೊಳ್ಳಲಾದೀತೆಂದು, ತನಗೆ ಸಂಬಳವೇ ಬೇಡವೆಂದು ಚೈತ್ರಾ ಲೀಗಿಗೆ ಪತ್ರ ಬರೆದಳು. ಒಪ್ಪಂದ ಮುಗಿಯುವವರೆಗೆ ಮಿತಿಯ ಲೆಕ್ಕ ಬದಲಾಗದು ಎಂದು ಉತ್ತರ ಬಂತು. ಗೋಲಿಗೆ ಹೊಸಬಳೊಬ್ಬಳನ್ನು ನಿಲ್ಲಿಸಿದ ತಂಡ ಒಂಬತ್ತರಲ್ಲಿ ಏಳು ಪಂದ್ಯ ಸೋತಿತು. ರಾಮಲಿಂಗಯ್ಯ ಬೈದಿದ್ದರೆ ಲತಾಮಣಿಗೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಯ ಪಂದ್ಯ ಮುಗಿದ ಮರುದಿನ ಅವಳು ಹಾಜಿರಾಳನ್ನು ಹುಡುಕಿಕೊಂಡು ಹೋದಳು. ಹಾಜಿರಾ ರೇಷ್ಮೆ ನೂಲು ಬಿಚ್ಚುವ ಕಡೆ ಕೆಲಸಕ್ಕೆ ಸೇರಿದ್ದಳು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವಳ ಬೆರಳುಗಳ ಚರ್ಮ ಸುಲಿದಿತ್ತು.

"ತಪ್ಪು ನಂದೇ ಕಣೇ," ಎಂದಳು ಲತಾಮಣಿ. "ಚೈತ್ರಾ ಒಪ್ಪಂದ ಇನ್ನೊಂದು ಸೀಸನ್ ಐತೆ. ಮುಂದಿನ ವರ್ಸವೂ ನಿಂಗೆ ಜಾಗ ಇಲ್ಲ. ಅದ್ನೂ ನಾನೇ ಹೇಳ್ಬೇಕಲ್ಲ ಅಂತ ಬಂದೆ."

ಹಾಜಿರಾ ಒದ್ದೆ ಕೈಗಳನ್ನು ದುಪಟ್ಟಾಕ್ಕೆ ಒರೆಸಿಕೊಂಡಳು. "ಸುದ್ದಿ ಕೇಳ್ದೆ. ಅವಳ ಕಣ್ಣು ಈಗ ಹೆಂಗೈತೆ ಅಕ್ಕಾ?"

"ಹಂಗೇ ಐತೆ."

ಒಳಗಿನಿಂದ ಯಾರೋ ಹಾಜಿರಾಳನ್ನು ಕೂಗಿದರು. "ಬತ್ತೀನಿ ಅಕ್ಕಾ," ಎಂದು ಅವಳು ಹಬೆಯೊಳಗೆ ನಡೆದಳು. ಲತಾಮಣಿ ಬಸ್‌ಸ್ಟ್ಯಾಂಡಿನ ಕಡೆ ಹೆಜ್ಜೆ ಹಾಕಿದಳು.