ಮೂರನೆಯ ಬೆರಳು

"ನಿಮ್ಮ ಮೂರನೇ ಬೆರಳಿನ ಸ್ವರ ಇಳೀತಿದೆಯಮ್ಮ," ಎಂದು, ಆಯ್ಕೆಗೆಂದು ಅವಳ ಪಿಟೀಲು ಕೇಳಿದ ವಾದ್ಯವೃಂದದ ಹಿರಿಯರು ಹೇಳಿದಾಗ ಅವಳಿಗೆ ನಗು ಬಂತು. ಕಿವಿ ಕೆಟ್ಟಿರುವುದು ಇವರದ್ದೇ ಇರಬೇಕು ಅಂದುಕೊಂಡಳು. "ಎಂಟು ದಿನ ಬಿಟ್ಟು ಬಂದು ಇನ್ನೊಂದ್ಸಲ ನುಡಿಸಿ. ಅಷ್ಟರಲ್ಲಿ ಸರಿಹೋದ್ರೆ ಜಾಗ ನಿಮ್ದೇ," ಅಂದರು ಅವರು.

ಅವಳ ನಗುವಿಗೆ ಕಾರಣವಿತ್ತು. ಮನೆಯ ಮುಂದಿನ ಕೋಣೆಯೇ ಅಣ್ಣನ ಪಿಟೀಲು ರಿಪೇರಿ ಅಂಗಡಿ. ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದು ಅವಳು ಹಿಂದಿನ ಕೋಣೆಯಲ್ಲಿ ಅಭ್ಯಾಸಕ್ಕೆ ಕೂತರೆ, ಅವನು ಅಂಟಿನ ಡಬ್ಬಿಯಿಂದ ತಲೆ ಎತ್ತದೆಯೇ ಕೂಗುತ್ತಿದ್ದ: "ಇಳೀತು!" ಇಲ್ಲವೇ, "ಏರ್ತು!" ಸ್ವರ ಸರಿಯಿದ್ದರೆ ಮಾತಿಲ್ಲ. ಹೊಗಳಿದರೆ ಬಾಯಿ ಸವೆದೀತು ಎನ್ನುವ ಪೈಕಿ ಅವನು. ಕಳೆದ ಆರು ತಿಂಗಳಲ್ಲಿ ಒಂದು ಸಲವೂ ಕೂಗಿರಲಿಲ್ಲ. ಮೌನಂ ಸಮ್ಮತಿಲಕ್ಷಣಂ ಎಂದು ಅವಳು ಹಿಗ್ಗಿ ಹೀರೇಕಾಯಿಯಾಗಿದ್ದಳು.

ಆ ದಿನ ಬಾಗಿಲು ಮುಂದೆ ಮಾಡಿಕೊಂಡು ಒಬ್ಬಳೇ ಕೂತಳು. ಮೂರನೆಯ ಬೆರಳಿನ ಸ್ವರ ನಿಖರವಾಗಿದ್ದರೆ ಪಕ್ಕದ ತಗ್ಗು ಸ್ವರದ ತಂತಿ ಮುಟ್ಟದೆಯೂ ತಾನಾಗಿ ನಡುಗಬೇಕು. ಕಮಾನು ಎಳೆದಳು. ತಂತಿ ಅಲುಗಲಿಲ್ಲ. ಬೆರಳನ್ನು ಕೂದಲೆಳೆಯಷ್ಟು ಮುಂದಕ್ಕೆ ಉರುಳಿಸಿದಳು. ತಂತಿ ಜುಂ ಎಂದಿತು, ಗದ್ದದ ಕೆಳಗಿನ ಮರವೆಲ್ಲ ತುಂಬಿಕೊಂಡಿತು. ಹಿರಿಯರು ಹೇಳಿದ್ದು ಸುಳ್ಳಲ್ಲ. ಆರು ತಿಂಗಳು ಅವಳು ತಪ್ಪನ್ನೇ ತಿದ್ದಿ ತೀಡಿದ್ದಳು.

ಸಿಟ್ಟು ನೆತ್ತಿಗೇರಿತು. ಪಿಟೀಲು ಹಿಡಿದೇ ಮುಂದಿನ ಕೋಣೆಗೆ ಹೋದಳು. "ಅಣ್ಣಾ, ಯಾಕೆ ಹೇಳ್ಲಿಲ್ಲ?"

ಬೆನ್ನು ಹಾಕಿ ಕೂತಿದ್ದ ಅವನು ತಂತಿ ಬಿಗಿಯುವ ಬಿರಡೆಯೊಂದನ್ನು ಉಜ್ಜುತ್ತಲೇ ಇದ್ದ. ಅವಳು ಅಲ್ಲೇ ನಿಂತು ಕರ್ಣಕಠೋರವಾಗಿ ಒಂದು ಸ್ವರ ಎಳೆದಳು. ಅವನ ಕೈ ನಿಲ್ಲಲಿಲ್ಲ. ಅವಳ ಸಿಟ್ಟು ಇದ್ದಲ್ಲೇ ಇಂಗಿಹೋಯಿತು. ಹೆಗಲು ಮುಟ್ಟಿದಳು.

ಅವನು ಅವಳ ಮುಖ ನೋಡಿದ, ಕಮಾನು ನೋಡಿದ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

"ಎದುರು ನಿಂತು ಮಾತಾಡಿದ್ರೆ ತುಟಿ ನೋಡಿ ತಿಳಿಯುತ್ತೆ ಕಣೇ. ಸ್ವರ ಮಾತ್ರ ಹೋಯ್ತು," ಅಂದ.

"ನಂಗಾದ್ರೂ ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ನೀನು ದಿನಾ ಬಂದು 'ಇವತ್ತೂ ಒಂದೂ ತಪ್ಪಿಲ್ಲ ಅಲ್ವಾ' ಅಂತ ಕುಣೀತಿದ್ದೆ." ಬಿರಡೆಯನ್ನು ಬಟ್ಟೆಯಲ್ಲಿ ಒರೆಸಿದ. "ಯಾರಿಗೂ ಬಾಯಿ ಬಿಡಬೇಡ. ಕಿವುಡನ ಕೈಗೆ ಯಾರು ಪಿಟೀಲು ಕೊಡ್ತಾರೆ?"

ಎಂಟು ದಿನ ಅವಳು ಆ ಒಂದು ಬೆರಳಿನೊಂದಿಗೆ ಹೆಣಗಿದಳು. ಅಳು ಬಂದಾಗ ಕಣ್ಣೊರೆಸಿಕೊಂಡು ಮತ್ತೆ ಮೊದಲಿಂದ ಶುರು ಮಾಡಿದಳು. ಜಾಗ ಸಿಕ್ಕಿತು. "ಎಂಟೇ ದಿನಕ್ಕೆ ಇಷ್ಟಾ! ಯಾರು ತಿದ್ದಿದ್ದು?" ಎಂದು ಹಿರಿಯರು ಕೇಳಿದರು.

"ನಮ್ಮಣ್ಣ," ಅಂದಳು. ಅವನಿಗೆ ಒಳ್ಳೆಯದಾಗಲಿ ಎಂದೇ ಅಂದಳು.

ಮರುವಾರ ಹಿರಿಯರು ತಮ್ಮ ಹಳೆಯ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ರಿಪೇರಿಗೆಂದು ತಾವೇ ಹೊತ್ತು ತಂದರು. ಅವರನ್ನು ಅಣ್ಣನೆದುರು ಕೂರಿಸಿ, ನಡುವಿನ ಬಾಗಿಲು ತೆರೆದೇ ಇಟ್ಟು, ಅವಳು ಒಳಗೆ ನುಡಿಸತೊಡಗಿದಳು. ಪೆಟ್ಟಿಗೆಯ ಕೊಂಡಿಗಳು ತೆರೆದುಕೊಂಡ ಸದ್ದಾಯಿತು. ಅಣ್ಣನ ಕಣ್ಣು ಅವಳ ಕಮಾನಿನ ಮೇಲಿತ್ತು. ಮೂರನೆಯ ಬೆರಳು ಊರಿದಳು. ಪಕ್ಕದ ತಂತಿ ಚೊಕ್ಕವಾಗಿ ನಡುಗಿತು.

"ಇಳೀತು!" ಎಂದು ಅಣ್ಣ ಕೂಗಿದ, ಹಿಂದಿನ ಹಾಗೆಯೇ, ಗತ್ತಿನಿಂದ.

ಹಿರಿಯರು ಅಣ್ಣನತ್ತ ತಿರುಗಿದರು. ಅಣ್ಣನ ಮಾತು ಉಳಿಸಲು ಅವಳು ಮರುಕ್ಷಣ ಬೆರಳನ್ನು ಮುಂದಕ್ಕೆ ಜರುಗಿಸಿ ಅದೇ ಸ್ವರವನ್ನು ಬೇಕೆಂದೇ ಏರಿಸಿ ನುಡಿಸಿದಳು.

"ಹಾಂ, ಈಗ ನೋಡಿ, ಸರಿಹೋಯ್ತು," ಎಂದು ಅಣ್ಣ ಹಿರಿಯರಿಗೆ ಹೇಳುತ್ತಿದ್ದ.

ಪೆಟ್ಟಿಗೆಯ ಕೊಂಡಿಗಳು ಮೆಲ್ಲಗೆ, ಒಂದಾದ ಮೇಲೊಂದು, ಮುಚ್ಚಿಕೊಂಡಿದ್ದು ಅವಳೊಬ್ಬಳಿಗೆ ಕೇಳಿಸಿತು.