ಗಡಿ ದಾಟಿಸುವ ಬುಟ್ಟಿ

ಹರವಿಕೊಪ್ಪದ ಪಂಚಾಯ್ತಿ ಚೇರಮನ್ ಶಂಭುಲಿಂಗಪ್ಪನಿಗೆ ದೇವರು ಹೊಲ ಕೊಟ್ಟಿದ್ದ, ಎತ್ತು ಕೊಟ್ಟಿದ್ದ, ಎಲ್ಲಕ್ಕಿಂತ ಮಿಗಿಲಾಗಿ ಒಂದು ಗಂಟಲು ಕೊಟ್ಟಿದ್ದ. ಅವನು ಚಾವಡಿ ಕಟ್ಟೆಯ ಮೇಲೆ ನಿಂತು ಕೆಮ್ಮಿದರೆ ಹಳ್ಳದಾಚೆಯ ಸೀಗಿಹಾಳದ ಎಮ್ಮೆಗಳು ಮೇಯುವುದು ಬಿಟ್ಟು ತಲೆಯೆತ್ತುತ್ತವೆ ಎಂದು ಊರವರು ಚೇಷ್ಟೆ ಮಾಡುತ್ತಿದ್ದರು. ಒಂದು ಮಾತನ್ನು ಎರಡು ಸಲ ಹೇಳುವ ಪ್ರಸಂಗ ಆ ಮನುಷ್ಯನಿಗೆ ಜನ್ಮದಲ್ಲಿ ಬಂದಿರಲಿಲ್ಲ. ಇಂಥವನು ಸರಕಾರವನ್ನು ಬೈಯಲು ನಿಂತರೆ, ದುಮ್ಮವಾಡದ ಸಂತೆಗೆ ಹೊರಟವರು ಕೂಡ ಚಕ್ಕಡಿ ನಿಲ್ಲಿಸಿ ಕೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಬೈಯಲು ಕಾರಣಗಳಿಗೇನೂ ಕೊರತೆಯಿರಲಿಲ್ಲ. ಎಪ್ಪತ್ತನಾಲ್ಕನೆಯ ಇಸವಿ, ರೈಲಿನವರು ಮುಷ್ಕರ ಹೂಡಿದ ತಿಂಗಳು. ಊರಿಗೆ ವಾಂತಿಭೇದಿ ಬಂದಿತ್ತು. ಮೊದಲು ಫಕೀರವ್ವ ಮುದುಕಿ ಹೋದಳು. ವಯಸ್ಸಾಗಿತ್ತು ಬಿಡು ಎಂದು ಜನ ಸಮಾಧಾನ ಮಾಡಿಕೊಂಡರು. ಆಮೇಲೆ ಕುರಿ ಕಾಯುವ ಮೈಲಾರವ್ವನ ಮಗ, ಇನ್ನೂ ಮೀಸೆ ಮೂಡದ ಹುಡುಗ, ಮುಂಜಾನೆ ಕುರಿ ಹೊಡೆದುಕೊಂಡು ಹೋದವನು ಹೊತ್ತು ಮುಳುಗುವಷ್ಟರಲ್ಲಿ ಹೆಣವಾದ. ಅಲ್ಲಿಗೆ ಸಮಾಧಾನದ ಮಾತು ಮುಗಿಯಿತು. ಈಗ ಮೈಲಾರವ್ವನ ಮಗಳೂ ಹಾಸಿಗೆ ಹಿಡಿದಿದ್ದಳು.

ಆರೋಗ್ಯ ಖಾತೆಯ ಇನ್ಸ್‌ಪೆಕ್ಟರ್ ಅಬ್ದುಲಮಜೀದ ಸೈಕಲ್ಲಿನ ಮೇಲೆ ಬಂದಾಗ ಇಡೀ ಊರು ಚಾವಡಿಯ ಮುಂದೆ ಕೂತಿತ್ತು. ಪಾಪ, ಬಿಸಿಲಿಗೆ ಬಂದ ಮನುಷ್ಯ, ಬೆವರು ಒರೆಸಿಕೊಳ್ಳಲೂ ಬಿಡಲಿಲ್ಲ ಜನ.

"ದವಾಖಾನಿಗೆ ಬೋರ್ಡ ಐತಿ, ಕುರ್ಚಿ ಐತಿ, ಡಾಕ್ಟರ ಎಲ್ಲಿ ಅದಾನ್ರಿ?" ಎಂದು ರೈತ ಹೊಳೆಪ್ಪ ಶುರು ಮಾಡಿದ. "ನೀರಿಗೆ ಹಾಕೂ ಪುಡಿ ಕೇಳಿ ಎಷ್ಟ ದಿನಾ ಆತು?"

"ಪುಡಿ ಬರೂದು ಗೂಡ್ಸ್ ಗಾಡ್ಯಾಗ. ರೈಲು ಬಂದ್ ಐತ್ರಿ. ಸೂಜಿ ಔಷಧ ಇದ್ದಷ್ಟು ತಂದೀನಿ," ಎಂದ ಮಜೀದ. "ಇದು ನಿಮ್ಮೂರಿಗಷ್ಟ ಬಂದ ಬ್ಯಾನಿ ಅಲ್ಲರಿ. ಹಡಗದಾಗ ಕುಂತು, ದೇಶಾ ದೇಶಾ ಸುತ್ತಿ ಬಂದೈತಿ."

ಶಂಭುಲಿಂಗಪ್ಪ ಎದ್ದು ನಿಂತ. ಹಿಂದೆ ಕೂತವರು ಮುಂದೆ ಸರಿದರು.

"ಸಾಹೇಬ್ರ, ಬ್ಯಾನಿ ಜಗತ್ತೆಲ್ಲಾ ಸುತ್ತಿ ಬರಾಕ ವರ್ಷಗಟ್ಟಲೆ ಹಿಡದೈತಿ. ಅಷ್ಟರಾಗ ಸರಕಾರಕ್ಕ ಒಂದು ಚೀಲ ಪುಡಿ ತಂದಿಟ್ಕೊಳ್ಳಾಕ ಆಗಲಿಲ್ಲೇನು?"

ಜನ ಹೋ ಎಂದಿತು. ಶಾಲೆಯ ಶಂಕ್ರಪ್ಪ ಮಾಸ್ತರರು ಮಾತ್ರ, "ಸರಕಾರ ಒಂದಽ ಏನ ಮಾಡೀತು? ಹೇತಿದ್ದ ಹಾಸಿಗಿ ನಾವು ಹಳ್ಳದಾಗ ಒಗೀತೀವಿ, ಅದಽ ನೀರು ಕುಡೀತೀವಿ," ಎಂದು ನಡುವೆ ಬಾಯಿ ಹಾಕಿದರು. ಮಾಸ್ತರರ ಮಾತು ಅಪ್ಪಟ ನಿಜವಾಗಿತ್ತು. ಅದಕ್ಕೇ ಯಾರಿಗೂ ಬೇಕಾಗಿರಲಿಲ್ಲ. ಅವರನ್ನು ಕೂಡಿಸಿಬಿಟ್ಟರು.

"ಹಳ್ಳಕ್ಕಾದ್ರೂ ಔಷಧ ಹಾಕ್ರಿ," ಎಂದ ಹೊಳೆಪ್ಪ.

ಮಜೀದ ನೆಲ ನೋಡಿದ. "ಹಳ್ಳದ ನೀರು ಆ ದಂಡಿಯವ್ರ ಲೆಕ್ಕದಾಗ ಬರತೈತ್ರಿ. ಆ ದಂಡಿ ಬ್ಯಾರೆ ತಾಲೂಕು. ನನಗ ಬಾವಿ ಅಷ್ಟ ಕೊಟ್ಟಾರ."

ಅದಿಷ್ಟು ಸಾಕಾಯಿತು ಶಂಭುಲಿಂಗಪ್ಪನಿಗೆ. "ಕೇಳಿದ್ರೇನ್ರಪಾ! ಈ ಆಫೀಸಿನವ ಆ ಆಫೀಸಿಗೆ ದಾಟಸ್ತಾನ, ಅಂವಾ ಮುಂದಿನವಗ ದಾಟಸ್ತಾನ. ಕಡೀಕ ಅದು ಬಂದು ಕುಂಡ್ರೂದು ಮೈಲಾರವ್ವನ ಮನ್ಯಾಗ! ದಾಟಸೂದಕ್ಕ ಸರಕಾರ ಬೇಕೇನು?" ಎಂದು ಗುಡುಗಿದ. ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಂಡರು. ತನ್ನ ಮಾತಿಗೆ ತನ್ನ ಮೈಯೇ ಜುಮ್ಮೆಂದಿತು ಅವನಿಗೆ.

ಮಜೀದ ಸೂಜಿಯ ಪೆಟ್ಟಿಗೆ ತೆರೆದ. "ಖರೆ ಐತ್ರಿ. ತಯಾರಿ ಇರಲಿಲ್ಲ," ಎಂದ. ಔಷಧ ಸಾಲುವಷ್ಟು ಜನಕ್ಕೆ ಸೂಜಿ ಚುಚ್ಚಿದ. ನೀರು ಕುದಿಸಿ ಕುಡಿಯಿರಿ, ಮಲಗಿದವರಿಗೆ ಅದರಲ್ಲಿ ಉಪ್ಪು ಸಕ್ಕರೆ ಕದಡಿ ಕೊಡಿರಿ, ಬ್ಯಾನಿಯವರ ಅರಿವೆ ಹಳ್ಳಕ್ಕೆ ಒಯ್ಯಬೇಡಿರಿ, ಸುಡಿರಿ, ಎಲ್ಲಿಂದಾದರೂ ಪುಡಿ ತರುತ್ತೇನೆ ಎಂದು ಹೇಳಿ ಸೈಕಲ್ ಹತ್ತಿದ. ಅವನು ತರುತ್ತಾನೆಂದು ಊರಿನಲ್ಲಿ ಯಾರೂ ನಂಬಲಿಲ್ಲ.

ಸೈಕಲ್ಲು ಮರೆಯಾದ ಮೇಲೆ ದ್ಯಾಮವ್ವನ ಪೂಜಾರಿ ಕರಿಸಿದ್ದಪ್ಪ ಎದ್ದ. "ಇನ್ನ ಸರಕಾರದ ದಾರಿ ಕಾಯೂದು ಸಾಕು. ಮಂಗಳವಾರ ತಾಯೀನ್ನ ಗಡಿ ದಾಟಸೂಣು."

ತಾಯಿಯನ್ನು, ಅಂದರೆ ಬ್ಯಾನಿಯಾಗಿ ಬಂದ ದೇವಿಯನ್ನು, ಗಡಿ ದಾಟಿಸುವುದು ಆ ಸೀಮೆಯ ಹಳೆಯ ಪದ್ಧತಿ. ಹೊಸ ಬಿದಿರು ಬುಟ್ಟಿಯಲ್ಲಿ ಬ್ಯಾನಿ ಬಿದ್ದ ಮನೆಮನೆಯಿಂದ ಒಂದೊಂದು ಅರಿವೆ ತಂದು ಹಾಕಬೇಕು. ಅದರ ಮೇಲೆ ಹೊಸ ಹಸಿರು ಸೀರೆ, ಹಸಿರು ಬಳೆ, ಅರಿಶಿನ, ಕಾಯಿ, ಬೇವು. ಊರ ಹಿರಿಯ ಅದನ್ನು ತಲೆಯ ಮೇಲೆ ಹೊತ್ತು ಗಡಿಯಾಚೆ ಇಟ್ಟು, ಹಿಂದಿರುಗಿ ನೋಡದೆ ಬರಬೇಕು. ಆಚೆಯ ಊರಿನವರು ಅದನ್ನು ಕಂಡರೆ ತಾವೂ ಹೊತ್ತು ತಮ್ಮ ಗಡಿ ದಾಟಿಸಬೇಕು. ಹೀಗೆ ಊರಿಂದೂರಿಗೆ ಹೋಗುವ ತಾಯಿ ಕಟ್ಟಕಡೆಗೆ ಎಲ್ಲಿ ಇಳಿಯುತ್ತಾಳೆಂದು ಯಾರೂ ಕೇಳಿದ್ದಿಲ್ಲ. ಕೇಳುವುದಿದ್ದರೆ ಕಟ್ಟಕಡೆಯ ಊರಿನವರು ಕೇಳಬೇಕು.

"ಹೊರೂದು ಸಾವಕಾರ್ರದು," ಎಂದ ಕರಿಸಿದ್ದಪ್ಪ. ಊರಿಗೆ ಊರನ್ನೇ ಹೋ ಅನ್ನಿಸಿದ ಬಾಯಿ, ಇಲ್ಲ ಎನ್ನಲು ಬರುತ್ತದೆಯೇ? ಶಂಭುಲಿಂಗಪ್ಪ ಹೂಂ ಅಂದ.

ಮನೆಗೆ ಬಂದು ಹೆಂಡತಿ ಸಾವಿತ್ರೆವ್ವನನ್ನು ಸೀರೆ ಕೇಳಿದ. ಬ್ಯಾನಿಯ ಊರಿನವರೆಂದು ಸಂತೆಯಲ್ಲಿ ಯಾರೂ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಹೊಸ ಹಸಿರು ಸೀರೆ ಊರಿನಲ್ಲಿ ಒಂದೇ ಒಂದಿತ್ತು. ಅದು ಇದ್ದದ್ದು ಅವನದೇ ಮನೆಯ ಟ್ರಂಕಿನಲ್ಲಿ. ಮಗಳು ನೀಲಕ್ಕ ಚೊಚ್ಚಲ ಬಸುರಿ, ಏಳು ತುಂಬಿತ್ತು. ಬಸುರಿಗೆ ಹಸಿರು ಸೀರೆ ಉಡಿಸಿ ಮಾಡುವ ಕುಬಸಕ್ಕೆಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಅವಳೇ ಅಪ್ಪನ ಬಾಜೂಕೆ ಕೂತು ಆರಿಸಿದ ಸೀರೆ ಅದು, ಕೆಂಪು ಸೆರಗಿನ ಹಸಿರು ಇಳಕಲ್ಲು. ಕುಬಸ ಮಾಡಿ ಅವಳನ್ನು ತವರಿಗೆ ಕರೆತರಬೇಕು ಅನ್ನುವಷ್ಟರಲ್ಲಿ ಬ್ಯಾನಿ ಬಂತು. ಇದ್ದಲ್ಲೇ ಇರಲಿ, ಅಲ್ಲಿಯಾದರೂ ಸುಖವಾಗಿರಲಿ ಎಂದು ಗಂಡನ ಮನೆಯಲ್ಲೇ ಬಿಟ್ಟಿದ್ದರು. ಗಂಡನ ಮನೆ ಎಂದರೆ ಸೀಗಿಹಾಳ, ಹಳ್ಳದ ಆಚೆಯ ದಂಡೆ.

"ಬುಟ್ಟಿ ಎಲ್ಲಿ ಇಳಸ್ತೀರಿ?" ಎಂದು ಕೇಳಿದಳು ಸಾವಿತ್ರೆವ್ವ.

"ಹಳ್ಳದ ಆ ದಂಡಿಗೆ. ಗಡಿ ಅಲ್ಲೇ ಅಲ್ಲಾ?"

"ಅಲ್ಲೇ ಉಸುಕಿನ್ಯಾಗ ವರತಿ ತೋಡಿ ಅವರು ನೀರು ತುಂಬ್ತಾರ. ನಿಮ್ಮ ಮಗಳೂ ದಿನಾ ಮುಂಜಾನಿ ಕೊಡಾ ಹೊತ್ಕೊಂಡು ಬರ್ತಾಳ."

"ಅವರೇನು ಅಲ್ಲೇ ಇಟ್ಕೊಂಡು ಕುಂಡ್ರತಾರೇನ? ಮುಂದಕ ದಾಟಸ್ತಾರ. ನೀ ಸುಮ್ಮ ಸೀರಿ ತಗಿ. ಹುಡುಗಿಗೆ ಬ್ಯಾರೆ ತರೂಣು."

ಸಾವಿತ್ರೆವ್ವ ಟ್ರಂಕು ತೆರೆದು ಸೀರೆಯನ್ನು ಅವನ ಮುಂದಿಟ್ಟಳು. ಕೈಗೆ ಕೊಡಲಿಲ್ಲ. ಆ ದಿನ ಅವಳು ಊಟಕ್ಕೂ ಏಳಲಿಲ್ಲ.

ಮಂಗಳವಾರ ಹೊತ್ತು ಹುಟ್ಟುವಾಗಲೇ ಹಲಗೆ ಬಾರಿಸಿದರು. ಮೈಲಾರವ್ವ ಸತ್ತ ಮಗನ ಅಂಗಿ ತಂದಳು. ಕೊಳೆ ಹಾಗೇ ಇತ್ತು. ಬುಟ್ಟಿಗೆ ಹಾಕುವ ಮುಂಚೆ ಅದನ್ನು ಮೂಗಿಗೆ ಹಿಡಿದು ನಿಂತವಳನ್ನು ಯಾರೂ ಅವಸರ ಮಾಡಲಿಲ್ಲ. "ಇದು ದಾಟಿದ್ರ ನನ್ನ ಹುಡುಗಿ ಉಳೀತಾಳಲ್ರಿ, ಸಾವಕಾರ್ರ?" ಎಂದು ಕೇಳಿದಳು. "ಉಳೀತಾಳ," ಎಂದ ಶಂಭುಲಿಂಗಪ್ಪ.

ಬುಟ್ಟಿ ಹೊತ್ತು ಮುಂದೆ ಅವನು, ಹಿಂದೆ ಹಲಗೆ, ಅದರ ಹಿಂದೆ ಊರು. ದಾರಿಯುದ್ದಕ್ಕೂ ಅವನು ತನಗೆ ತಾನೇ ಹೇಳಿಕೊಂಡ: ಮುಂದಕ್ಕೆ ದಾಟಿಸುತ್ತಾರೆ, ಮಧ್ಯಾಹ್ನದೊಳಗೆ ದಾಟಿಸಿಬಿಡುತ್ತಾರೆ. ಹೇಳಿಕೊಂಡಷ್ಟೂ ಬುಟ್ಟಿ ಭಾರವಾಗುತ್ತಿತ್ತು. ಹಳ್ಳಕ್ಕೆ ಇಳಿದಾಗ ಪಾದ ಮುಳುಗುವಷ್ಟು ನೀರಿತ್ತು.

ಆಚೆಯ ದಂಡೆಯ ಉಸುಕಿನಲ್ಲಿ ಸೀಗಿಹಾಳದ ಹೆಣ್ಣುಮಕ್ಕಳು ವರತಿಯ ಸುತ್ತ ಕೂತು ಬಟ್ಟಲಿನಿಂದ ಕೊಡಕ್ಕೆ ನೀರು ತುಂಬುತ್ತಿದ್ದರು. ಹಲಗೆ ಕೇಳಿ ಎಲ್ಲರೂ ತಲೆಯೆತ್ತಿದರು. ಒಬ್ಬಳು ಸೊಂಟಕ್ಕೆ ಕೈಯೂರಿ ನಿಧಾನಕ್ಕೆ ಎದ್ದಳು. ಹೊಟ್ಟೆ ಮುಂದಕ್ಕೆ ಬಂದಿತ್ತು, ಮುಖ ತುಂಬಿಕೊಂಡಿತ್ತು. ನೀಲಕ್ಕ.

ಅವಳು ಅಪ್ಪನನ್ನು ಕಂಡಳು. ಅಪ್ಪನ ತಲೆಯ ಮೇಲಿನ ಹೊಸ ಬುಟ್ಟಿ ಕಂಡಳು. ಬುಟ್ಟಿಯಿಂದ ಇಳಿಬಿದ್ದ ಕೆಂಪು ಸೆರಗು ಕಂಡಳು.

"ಯವ್ವಾ, ನನ್ನ ಸೀರಿ!" ಎಂದು ಕೂಗಿದಳು. "ನೋಡ್ರೇ, ನಮ್ಮಪ್ಪ ಕುಬಸ ತಂದಾನ! ಹಲಗಿ ಹಚ್ಚಿ ತಂದಾನ!" ಗೆಳತಿಯರು ಚಪ್ಪಾಳೆ ತಟ್ಟಿದರು. ನೀಲಕ್ಕ ನಿರಿಗೆ ಎತ್ತಿ ಹಿಡಿದು, ಬಸುರಿ ಎಂಬುದನ್ನೂ ಮರೆತು, ನಗುತ್ತ ನೀರಿಗಿಳಿದು ಬಂದೇಬಿಟ್ಟಳು. ಕೈ ಎರಡೂ ಬುಟ್ಟಿಯ ಕಡೆ ಚಾಚಿದ್ದಳು.

"ಬರಬ್ಯಾಡಾ!"

ಆ ಗಂಟಲಿಗೆ ಹಲಗೆ ಕೂಡ ನಿಂತಿತು. ಹುಟ್ಟಿದಾಗಿನಿಂದ ಅಪ್ಪ ಅವಳನ್ನು ಗದರಿಸಿದವನಲ್ಲ. ನೀಲಕ್ಕ ನಡುನೀರಿನಲ್ಲಿ ನಿಂತಳು. ಮುಖದ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಶಂಭುಲಿಂಗಪ್ಪ ಇಳಿಬಿದ್ದ ಸೆರಗನ್ನು ಬುಟ್ಟಿಯೊಳಗೆ ತುರುಕಿದ.

"ಹಿಂದಕ ಹೋಗವಾ. ಇದು ಕುಬಸ ಅಲ್ಲ," ಎಂದ. ಬುಟ್ಟಿ ಹೊತ್ತೇ ಊರಿನ ಕಡೆ ತಿರುಗಿದ.

ಕರಿಸಿದ್ದಪ್ಪ ಅಡ್ಡ ಬಂದ. "ಹೊಂಟ ತಾಯೀನ್ನ ಒಳಗ ತರ್ತೀರೇನು? ಊರು ಉಳೀಬೇಕೋ ಬ್ಯಾಡೋ?"

"ಆ ದಂಡ್ಯಾಗೂ ಊರೇ ಐತಿ, ಕರಿಸಿದ್ದಪ್ಪ."

"ಇವತ್ತ ಕಾಣಸ್ತೇನು? ಅಲ್ಲಿ ನಿಮ್ಮ ಮಗಳು ಇರದಿದ್ರ ಏನ ಮಾಡ್ತಿದ್ರಿ?"

ಶಂಭುಲಿಂಗಪ್ಪ ಬಾಯಿ ತೆರೆದ. ಸಾವಿರ ಉತ್ತರ ಕಟ್ಟಬಲ್ಲ ಬಾಯಿ ಅದು. ಆದರೆ, "ಇಳಿಸಿ ಬರ್ತಿದ್ದೆ," ಎಂದ. "ಇಳಿಸಿ, ಕಾಲು ತೊಳಕೊಂಡು, ಉಣ್ಣಾಕ ಕುಂಡ್ರತಿದ್ದೆ. ಖರೆ ಐತಿ. ಆ ಸಾಹೇಬಗ ಏನ ಬೈದ್ನೋ ಅದನ್ನಽ ನಾ ತಲೀ ಮ್ಯಾಲ ಹೊತ್ಕೊಂಡು ಬಂದೀನಿ."

ಎಲ್ಲರಿಗಿಂತ ಸಂಕಟವಾದದ್ದು ಮೈಲಾರವ್ವನಿಗೆ. ಅವಳು ದಾರಿಯ ಮಧ್ಯೆ ಕುಸಿದು ಕೂತು, "ಉಳೀತಾಳ ಅಂದಿದ್ರಿ," ಎಂದು ಅತ್ತಳು. ಶಂಭುಲಿಂಗಪ್ಪ ಅವಳ ಪಕ್ಕದಿಂದ ಹಾದು ನಡೆದ. ಬುಟ್ಟಿಯನ್ನು ತನ್ನ ಸ್ವಂತ ಹೊಲದ ಬೇವಿನ ಬುಡಕ್ಕೆ ಒಯ್ದು ಇಳಿಸಿದ. ಕಾಯಿ, ಬಳೆ, ಅರಿಶಿನವನ್ನು ಅಲ್ಲೇ ಕಲ್ಲಿನ ಮೇಲಿಟ್ಟು, ತಾಯೀ ನನ್ನ ಗಡಿಯೊಳಗೇ ಇರು ಎಂದು ಕೈ ಮುಗಿದ. ಅರಿವೆಗಳಿಗೆ ಬೆಂಕಿ ಹಚ್ಚಿದ. ಮಗಳ ಸೀರೆಯೂ ಅದರಲ್ಲೇ ಉರಿಯಿತು.

ಅಲ್ಲಿಗೆ ಬ್ಯಾನಿ ನಿಂತಿತು ಎಂದರೆ ಸುಳ್ಳು ಹೇಳಿದಂತಾದೀತು. ಆಮೇಲೂ ಜನ ಮಲಗಿದರು, ಹೊಳೆಪ್ಪನ ಅಣ್ಣ ತೀರಿಕೊಂಡ. ತಾಯಿಯನ್ನು ತಿರುಗಿಸಿ ತಂದವನೆಂದು ಊರು ಶಂಭುಲಿಂಗಪ್ಪನಿಗೆ ಶಾಪ ಹಾಕಿತು. ಸಾವಿತ್ರೆವ್ವ ಬಚ್ಚಲ ಹಂಡೆಯನ್ನು ತಿಕ್ಕಿ ಬೆಳಗಿ ಅಂಗಳದಲ್ಲಿ ಒಲೆ ಹೂಡಿದಳು. ಅವನು ಕಟ್ಟಿಗೆ ಒಡೆದು ಕೊಟ್ಟ. ಕುದಿಸಿ ಆರಿಸಿದ ನೀರನ್ನು ಮೈಲಾರವ್ವನ ಮನೆಗೆ ಅವನೇ ಹೊತ್ತೊಯ್ದು, ಅವಳು ಉಪ್ಪು ಸಕ್ಕರೆ ಕದಡಿ ಹುಡುಗಿಗೆ ಗುಟುಕು ಗುಟುಕಾಗಿ ಕುಡಿಸುವುದನ್ನು ನೋಡುತ್ತ ಹೊಸ್ತಿಲಲ್ಲಿ ಕೂಡುತ್ತಿದ್ದ. ಒಂದು ಮುಂಜಾನೆ ಹುಡುಗಿ ಎದ್ದು ಕೂತು ಅಂಬಲಿ ಬೇಡಿದಳು. ಮೈಲಾರವ್ವ ಅವನತ್ತ ಒಮ್ಮೆ ನೋಡಿ ಒಳಗೆ ಹೋದಳು. ಅಷ್ಟಾದರೂ ಸಿಕ್ಕಿತಲ್ಲ ಎಂದು ಅವನು ಹೊರಗೆ ಬಂದು ಗೋಡೆ ಹಿಡಿದು ಅತ್ತ.

ಮಜೀದ ಬಂದ. ಹೌದು, ಬಂದ! ಲಾರಿಯವರ ಕೈಕಾಲು ಹಿಡಿದು ತಂದ ಒಂದು ಚೀಲ ಪುಡಿ ಸೈಕಲ್ಲಿನ ಕ್ಯಾರಿಯರ್ ಮೇಲಿತ್ತು. ಬಾವಿಗಳಿಗೆ ಹಾಕಿ ಮುಗಿಸಿದಾಗ ಚೀಲದಲ್ಲಿ ಇನ್ನೂ ಉಳಿದಿತ್ತು.

"ಆ ದಂಡಿಗೆ ಯಾರಾದ್ರೂ ಬಂದಾರೇನ್ರಿ?" ಎಂದು ಕೇಳಿದ ಶಂಭುಲಿಂಗಪ್ಪ.

"ಇನ್ನಾ ಇಲ್ಲ ಅಂತ ಕೇಳೀನಿ. ಉಳದದ್ದನ್ನ ಕೊಡಾಕ ನನಗ ಹುಕುಂ ಇಲ್ಲರಿ, ಅದು ನನ್ನ ತಾಲೂಕಲ್ಲ." ಅಂದವನು ಕಣ್ಣು ತಗ್ಗಿಸಿದ. ಈ ಸಲವೂ ಬೈಗುಳ ಬರುತ್ತದೆಂದು ಕಾದ.

"ದಾಟಸೂ ಕೆಲಸ ನಂದಿರ್ಲಿ, ಸಾಹೇಬ್ರ. ಎಷ್ಟ ಹಾಕಬೇಕು ಅಷ್ಟ ಹೇಳ್ರಿ. ಸರಕಾರಕ್ಕ ಬೈಯೂದು ಬಿಟ್ಟಿಲ್ಲ ಮತ್ತ, ಬಂದು ಬೈತೀನಿ."

ಮಜೀದ ನಕ್ಕ. ಹೇಗೆ ಹಾಕಬೇಕೆಂದು ತಿಳಿಸಿ ಹೇಳಿ, ಚೀಲದ ಬಾಯಿ ತಾನೇ ಅಗಲಿಸಿ ಹಿಡಿದ.

ಶಂಭುಲಿಂಗಪ್ಪ ಪುಡಿಯ ಗಂಟು ಕಟ್ಟಿ, ಮನೆಯ ಬುಟ್ಟಿಯಲ್ಲಿಟ್ಟು, ತಲೆಯ ಮೇಲೆ ಹೊತ್ತುಕೊಂಡು ಹಳ್ಳಕ್ಕಿಳಿದ. ಈ ಸಲ ಹಲಗೆ ಇಲ್ಲ, ಊರಿಲ್ಲ. ವರತಿಯ ಹತ್ತಿರ ನೀಲಕ್ಕ ಒಬ್ಬಳೇ ಕೊಡ ಇಟ್ಟುಕೊಂಡು ಕೂತಿದ್ದಳು. ಅಪ್ಪನನ್ನು ನೋಡಿ ಮುಖ ಅರಳಿತು. ತಲೆಯ ಮೇಲಿನ ಬುಟ್ಟಿ ಕಣ್ಣಿಗೆ ಬಿತ್ತು. ಅವಳು ಎದ್ದು, ಹೊಟ್ಟೆಯ ಮೇಲೆ ಕೈಯಿಟ್ಟು, ಹಿಂದೆ ಹಿಂದೆ ಸರಿದಳು.

"ಬಾರವಾ," ಎಂದ ಶಂಭುಲಿಂಗಪ್ಪ. ಗಂಟಲು ಕಟ್ಟಿತ್ತು; ಆ ಮಾತು ಹಳ್ಳದ ಅರ್ಧವನ್ನೂ ದಾಟಲಿಲ್ಲ. ಅವನು ಬುಟ್ಟಿಯನ್ನು ಕೆಳಗಿಳಿಸಿ, ಅದರೊಳಗೆ ಏನಿದೆಯೆಂದು ಅವಳಿಗೆ ಕಾಣುವಂತೆ ಓರೆ ಮಾಡಿ ಹಿಡಿದ.

"ನೀರಿನ ಔಷಧ ಐತಿ, ಬಾರವಾ," ಎಂದು ಎರಡನೆಯ ಸಲ ಕರೆದ.