ಮೋಡದ ನೆರಳಿಗೆ ಬಿಟ್ಟ ಬಲೆ

ನಮ್ಮನೆಯವರಿಗೆ ಹುಚ್ಚೂ ಹಿಡೀಲಿಲ್ಲ, ಗಾಳಿಯೂ ತಾಗಲಿಲ್ಲ. ಹಾಗೆ ಹೇಳೂರು ಯಾರಾದ್ರೂ ಇದ್ರೆ ಈ ಕಾಶಿಯ ಎದುರಿಗೆ ಬಂದು ಹೇಳಿ ಅಂತ ಹಾರವಾಡದ ಕೇರಿಯಲ್ಲಿ ನಿಂತು ಕೂಗಿದ್ದೆ. ಒಬ್ಬರೂ ಬರಲಿಲ್ಲ. ಬೆನ್ನ ಹಿಂದೆ ಮಾತ್ರ ಎಲ್ಲರಿಗೂ ಉದ್ದ ನಾಲಿಗೆ.

ಆದದ್ದು ಇಷ್ಟು. ಮಳೆಗಾಲದ ಶುರುವಿಗೆ ಇವರ ಪಿತ್ತಕೋಶದಲ್ಲಿ ಕಲ್ಲಾಗಿ ಕೀವು ತುಂಬಿತು. ಕಾರವಾರದಲ್ಲಿ ಆಪರೇಷನ್ ಆಯ್ತು, ಹೊಟ್ಟೆ ಸರಿಯಾಯ್ತು. ಆದ್ರೆ ಮಾರನೇ ದಿನ ಇವರು ಸಲೈನ್ ನಳಿಗೆಯನ್ನ ಎರಡೂ ಕೈಲಿ ಹಿಡಿದು, "ಹಗ್ಗ ಬಿಡಬೇಡ್ರೋ, ಮೀನು ಹೋಗ್ತದೆ" ಅಂತ ಕೂಗಿ ಕಿತ್ತೇ ಬಿಟ್ರು. ನನ್ನ ನೋಡಿ, "ನೀ ಯಾರ ಮನೆಯವಳು?" ಅಂದ್ರು. ಮೊಮ್ಮಕ್ಕಳನ್ನ ಕಂಡ ಹೆಂಡತಿಗೆ ಕೇಳೂ ಪ್ರಶ್ನೆಯಾ ಅದು! ಹೊರಗೆ ಹೋಗಿ ಸಮಾ ಅತ್ತೆ. ಆಮೇಲೆ ಸೆರಗಲ್ಲಿ ಮೂಗೊರೆಸಿ ಡಾಕ್ಟರ್ ಪ್ರಗತಿಯನ್ನ ಅಡ್ಡ ಹಾಕಿದೆ.

ಮಲ್ಲಾಪುರದ ಹುಡುಗಿ ಅದು. ಎಳೇ ಮುಖ, ಆದ್ರೆ ಮಾತು ಗಟ್ಟಿ. "ಗಾಯ ಆದ ಜಾಗ ಬಾತು ಉರೀತದಲ್ಲ ಅಮ್ಮಾ, ಆ ಉರಿಯೂತ ಕೆಲವು ಸಲ ಮಿದುಳಿಗೂ ಹೋಗ್ತದೆ. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಹೀಗಾಗೂದುಂಟು. ಹೆಚ್ಚಿನವರಿಗೆ ಬೇಗ ಇಳೀತದೆ, ಕೆಲವರಿಗೆ ತಿಂಗಳುಗಟ್ಟಲೆ ಬೇಕು. ಸ್ವಲ್ಪ ಉಳಿದೂ ಹೋಗಬಹುದು" ಅಂತು.

"ನಾ ಎಂತ ಮಾಡ್ಲಿ, ಅದು ಹೇಳು."

"ಕನ್ನಡಕ ಹಾಕಿ, ಕಿವಿಯ ಮಷಿನ್ ಹಾಕಿ. ಹಗಲು ಬೆಳಕಲ್ಲಿ ಕೂರಿಸಿ, ನಡೆಸಿ, ಮಾತಾಡಿಸಿ. ರಾತ್ರಿ ಮಲಗಲಿಕ್ಕೆ ಬಿಡಿ."

ಕನ್ನಡಕ, ಮಷಿನ್ ಎರಡನ್ನೂ ಕಳೆದು ಹೋದೀತು ಅಂತ ನಮ್ಮ ಮಗ ರೋಹಿತ ಚೀಲದಲ್ಲಿ ಹುಗಿಸಿಟ್ಟಿದ್ದ. ಕಣ್ಣು ಕಾಣದೆ ಕಿವಿ ಕೇಳದೆ ಮಲಗಿದವರು ನನ್ನ ಗುರುತು ಹಿಡಿಯೂದು ಹೇಗೆ! ಅವನಿಗೆ ಬೈದ ಬೈಗುಳಕ್ಕೆ ವಾರ್ಡಿನವರೆಲ್ಲ ಎದ್ದು ಕೂತ್ರು.

ಮನೆಗೆ ಬಂದ ಮೇಲೆ ದಿನಾ ತೋಟದ ಬೇಲಿಯಿಂದ ಸಮುದ್ರದವರೆಗೆ ನಡೆಸಿದೆ. ಮಳೆ ಬಂದ್ರೆ ಕೊಡೆ. "ಬೇಡ ಮಾರಾಯ್ತಿ" ಅಂದ್ರೆ, "ನಡೀರಿ ಸುಮ್ನೆ" ಅಂತಿದ್ದೆ. ನನ್ನ ಗುರುತು ಸಿಕ್ತು, ಮೊಮ್ಮಕ್ಕಳದ್ದೂ ಸಿಕ್ತು. ಆದ್ರೂ ಮಾತಿನ ಮಧ್ಯೆ ಬೇಕಾದ ಶಬ್ದ ಸಿಗದೆ ನಿಂತು ಬಿಡ್ತಿದ್ರು. ಲುಂಗಿ ಉಡಲಿಕ್ಕೆ ಒಳಗೆ ಹೋದವರು ಎಂತಕ್ಕೆ ಬಂದೆ ಅಂತ ಮರೆತು ಅಲ್ಲೇ ಕೂತಿರ್ತಿದ್ರು.

ಹೋಗ್ಲಿ, ಅದೆಲ್ಲ ನಾ ಸಹಿಸ್ತೆ. ಸಹಿಸಲಾಗದ್ದು ಒಂದೇ. ಇವರು ತಾಂಡೇಲ ತುಳಸಿದಾಸ, ನಮ್ಮ ಯೆಂಡಿ ಬಲೆಯ ಯಜಮಾನ. ಯೆಂಡಿ ಅಂದ್ರೆ ದೋಣಿಯಿಂದ ಬಲೆ ಸುತ್ತು ಹಾಕಿ, ಎರಡೂ ಕಡೆಯ ಹಗ್ಗವನ್ನ ದಡದಲ್ಲಿ ನಿಂತು ಎಳೆಯೂದು. ಹಗ್ಗಕ್ಕೆ ಕೈ ಕೊಟ್ಟವರಿಗೆಲ್ಲ ಮೀನಿನ ಪಾಲು. ತಾಂಡೇಲ ನೀರಿನ ಬಣ್ಣ ನೋಡಿಯೇ ಮೀನಿನ ಹಿಂಡು ಎಲ್ಲಿದೆ ಅಂತ ಹೇಳಬೇಕು. ಅವ ಟುವಾಲು ಎತ್ತಿದ್ರೆ ದೋಣಿ ಹೊರಡಬೇಕು, ಎದುರು ಮಾತಿಲ್ಲ. ಇವರು ಮಲಗಿದ ಮೇಲೆ ಆ ಜಾಗದಲ್ಲಿ ಗುರುಪ್ರಸಾದ ನಿಲ್ತಿದ್ದ. ಒಳ್ಳೆಯವನೇ, ಇವರ ಕೈಯಲ್ಲೇ ಕಲಿತವ. ಆದ್ರೆ ನಂಗೆ ನನ್ನ ತಾಂಡೇಲ ಬೇಕಿತ್ತು. ಇವರು ಮತ್ತೆ ಅಲ್ಲಿ ನಿಂತು ಟುವಾಲು ಎತ್ತಿದ ದಿನ ಗುಣ ಆಯ್ತು ಅಂತ ನನ್ನ ಲೆಕ್ಕ.

ಚಳಿ ಬಿದ್ದ ಮೇಲೆ ಡಾಕ್ಟರು ಹೊಟ್ಟೆ ನೋಡಿ, ಭಾರದ ಕೆಲಸವನ್ನೂ ಮಾಡಬಹುದು ಅಂದ್ರು. ನಾ ತಡ ಮಾಡಲಿಲ್ಲ. ಸೀದಾ ದಡಕ್ಕೆ ಹೋಗಿ, "ನಾಳೆ ನಮ್ಮನೆಯವರು ನಿಲ್ತಾರೆ. ಯಾರದ್ದಾದ್ರೂ ತಕರಾರುಂಟಾ?" ಅಂದೆ. ರೋಹಿತ ತಲೆ ಕೆರೆದುಕೊಂಡ. ಗುರುಪ್ರಸಾದ ಮಾತ್ರ, "ತಾಂಡೇಲರ ಜಾಗ ಅತ್ತಿಗೆ, ತಕರಾರು ಎಂತದು" ಅಂದ.

ಮಾರನೇ ಬೆಳಿಗ್ಗೆ ಇವರು ಮರಳ ದಿಬ್ಬದ ಮೇಲೆ ನಿಂತ್ರು. ಎದೆ ಎತ್ತಿ ನಿಂತ ಆ ನಿಲುವು ನೋಡಿ ನಂಗೆ ಖುಷಿಯೋ ಖುಷಿ. ಬಹಳ ಹೊತ್ತು ನೀರು ನೋಡಿದ್ರು. ಆಮೇಲೆ ಟುವಾಲು ಬಿಚ್ಚಿ ತೆಂಕು ದಿಕ್ಕಿಗೆ ಎತ್ತಿದ್ರು.

ನಾನೂ ಮೀನುಗಾರರ ಮನೆಯಲ್ಲೇ ಹುಟ್ಟಿದವಳು. ತೆಂಕಲ್ಲಿ ಕಪ್ಪಗೆ ಕಂಡದ್ದು ಮೀನಲ್ಲ, ಮೋಡದ ನೆರಳು. ಮೀನಿದ್ದಲ್ಲಿ ಸುತ್ತೂ ಹಕ್ಕಿ ಒಂದೂ ಮೇಲೆ ಇರಲಿಲ್ಲ. ಗುರುಪ್ರಸಾದ ನನ್ನ ಮುಖ ನೋಡಿದ, ನಾ ಬೇರೆ ಕಡೆ ನೋಡಿದೆ. ತಾಂಡೇಲ ಎತ್ತಿದ ಟುವಾಲಿಗೆ ಎದುರಾಡಿದ ರೂಢಿ ನಮ್ಮಲ್ಲಿಲ್ಲ. ದೋಣಿ ಹೋಯ್ತು, ಬಲೆ ಬಿತ್ತು. ಬಿಸಿಲು ನೆತ್ತಿಗೆ ಬರೂವರೆಗೆ ಅಷ್ಟೂ ಜನ ಎಳೆದ್ರು. ಬಂದದ್ದು ಕಸ, ನಾಲ್ಕು ಏಡಿ.

"ಇರಲಿ ತಾಂಡೇಲರೇ, ತಪ್ಪಿಸಿಕೊಂಡು ಹೋಯ್ತು" ಅಂದ ಗುರುಪ್ರಸಾದ.

ಇವರು ಬಲೆಯನ್ನೇ ನೋಡ್ತಾ ನಿಂತ್ರು. ಆಮೇಲೆ ಮಗನನ್ನ ಕರೆದು, "ಅದು ನೆರಳು. ನಿಂಗೆ ಕಂಡಿತ್ತಾ?" ಅಂತ ಕೇಳಿದ್ರು.

ರೋಹಿತ ಬಗ್ಗಿ ಬಲೆಯ ಕಸ ಬಿಡಿಸಲಿಕ್ಕೆ ಹಿಡಿದ.

"ಎಲ್ಲರಿಗೂ ಕಂಡಿತ್ತು. ಕಂಡೂ ಎಳೆದ್ರಿ. ನನ್ನ ಮರ್ಯಾದೆಗೆ ಅಂತ ಇಷ್ಟು ಜನರ ಬೆವರು ಹಾಳು ಮಾಡೂದಾ, ಕತ್ತೆಗಳ್ರಾ!" ಇವರು ಹಾಗೆ ಗುಡುಗಿದ್ದು ಕೇಳಿ ಎಷ್ಟು ತಿಂಗಳಾಗಿತ್ತು! ಸೀದಾ ಹೋಗಿ ಗುರುಪ್ರಸಾದನ ಹೆಗಲ ಮೇಲೆ ಟುವಾಲು ಹಾಕಿದ್ರು. "ನಾಳೆಯಿಂದ ನೀ ನಿಲ್ಲು. ನಾ ಹಗ್ಗ ಹಿಡೀತೆ."

ನಂಗೆ ತಡೀಲಿಲ್ಲ. "ಒಂದು ಸಲ ತಪ್ಪಿದ್ದಕ್ಕೆ ಬಿಟ್ಟು ಕೊಡೂದಾ? ಇಷ್ಟು ದಿನ ನಾ ಒದ್ದಾಡಿದ್ದು ಎಂತಕ್ಕೆ? ಇನ್ನೆರಡು ತಿಂಗಳು ನಡೆಸ್ತೆ, ಸರಿ ಮಾಡ್ತೆ ನಿಮ್ಮನ್ನ!"

"ಕಾಶೀ, ನನ್ನ ತಲೆಯಲ್ಲಿ ಎಂತ ಹೋಗಿದೆ ಅಂತ ನಂಗೆ ಗೊತ್ತು. ಬರೂದಾದ್ರೆ ಬರಲಿ, ನೀ ನಡೆಸು, ನಾ ನಡೀತೆ. ಆದ್ರೆ ಅದು ಬರೂವರೆಗೆ ಸುಳ್ಳು ತಾಂಡೇಲನಾಗಿ ನಾ ನಿಲ್ಲೂದಿಲ್ಲ. ಕೈ ಗಟ್ಟಿ ಇದೆ. ಕೈಯಿಂದ ದುಡಿದು ಉಣ್ತೆ."

ಸಿಟ್ಟಲ್ಲಿ ಮನೆಗೆ ಬಂದು ಪಾತ್ರೆ ಎಲ್ಲ ಕುಕ್ಕಿದೆ. ಬೆಳಿಗ್ಗೆ ಎದ್ದು ನೋಡ್ತೆ, ಇವರು ಆಗಲೇ ಕನ್ನಡಕ, ಮಷಿನ್ ಹಾಕಿ ಬಾಗಿಲಲ್ಲಿ ನಿಂತಿದ್ರು. ನಾ ಎಬ್ಬಿಸದೆ ಎದ್ದದ್ದು ಆಪರೇಷನ್ ಆದ ಮೇಲೆ ಅದೇ ಮೊದಲು.

ಗುರುಪ್ರಸಾದ ಬಡಗು ದಿಕ್ಕಿಗೆ ಟುವಾಲು ಎತ್ತಿದ. ಇವರು ಎಲ್ಲರ ಜೊತೆ ಸಾಲಲ್ಲಿ ನಿಂತು, ಮರಳಿಗೆ ಹಿಮ್ಮಡಿ ಕೊಟ್ಟು ಎಳೆದ್ರು. ಸುಸ್ತಾದ್ರೆ ಕೂತು, ಮತ್ತೆ ಎದ್ದು ಎಳೆದ್ರು. ನೋಡ್ತಾ ನಿಲ್ಲಲಿಕ್ಕೆ ನಾ ಎಂತ ಪೇಟೆಯವಳಾ? ಸೆರಗು ಸಿಕ್ಕಿಸಿ ಇವರ ಹಿಂದೆಯೇ ಹಗ್ಗ ಹಿಡಿದೆ. ಬಲೆ ತುಂಬಾ ಮೀನು ಬಂತು.

ಪಾಲು ಹಾಕುವಾಗ ಇವರಿಗೆ ತಾಂಡೇಲನ ಪಾಲಿಲ್ಲ, ಎಲ್ಲರಷ್ಟೇ. ಅದನ್ನ ಬುಟ್ಟಿಯಲ್ಲಿ ಹಿಡಿದು ನನ್ನ ಹತ್ರ ಬಂದ್ರು. ಒಂದು ಮೀನು ಎತ್ತಿ, ತಿರುಗಿಸಿ, ಬೆನ್ನಿನ ಗೆರೆ ನೋಡಿದ್ರು. ತುಟಿ ಅಲ್ಲಾಡ್ತು, ಮಾತು ಬರಲಿಲ್ಲ. ಜೀವಮಾನವಿಡೀ ಹಿಡಿದ ಮೀನು ಅದು. ಜನರಿಂದ ಸ್ವಲ್ಪ ಈಚೆ ಸರಿದು ಮೆಲ್ಲಗೆ ಕೇಳಿದ್ರು, "ಇದಕ್ಕೆ ಎಂತ ಹೇಳ್ತಾರೆ ಕಾಶೀ?"

ಅಳೂ ಹೊತ್ತಲ್ಲ ಅದು.

"ಬಂಗಡೆ" ಅಂದೆ.

"ಬಂಗಡೆ" ಅಂದ್ರು. "ನಾಳೆ ಮತ್ತೆ ಮರೀತೆ."

"ಮರೀರಿ. ಎಳೆಯೂದು ನೀವು ಎಳೀರಿ, ಹೆಸರು ನಾ ಹೇಳ್ತೆ. ನಡೀರಿ ಈಗ, ಬಿಸಿಲೇರಿತು."